ನಾಯಿಗೆ ಶಿಕ್ಷಣ, ಒಡೆಯನಿಗೆ ಹೊಣೆ

ನಮ್ಮ ನಾರಾಯಣಗೂಡದಲ್ಲಿ ಎರಡು ಸರ್ಕಾರಿ ಸಂಸ್ಥೆಗಳಿವೆ. ನಾಯಿ ಕಚ್ಚಿದವರು ಚುಚ್ಚುಮದ್ದಿಗಾಗಿ ಧಾವಿಸಿ ಬರುವ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್ ಒಂದು. ಕಾಯಿಲೆಬಿದ್ದ ನಾಯಿಯನ್ನು ಒಡೆಯರು ಎತ್ತಿಕೊಂಡು ಬರುವ ಪಶುವೈದ್ಯ ಆಸ್ಪತ್ರೆ ಇನ್ನೊಂದು. ಮೊದಲನೆಯ ಬಾಗಿಲಲ್ಲಿ ನಾಯಿಯೆಂದರೆ ಭೀತಿ. ಎರಡನೆಯದರಲ್ಲಿ ನಾಯಿಯೆಂದರೆ ಪ್ರೀತಿ. ಒಂದೇ ಬಡಾವಣೆಯ ಈ ಎರಡು ಬಾಗಿಲುಗಳ ನಡುವೆ ಮೂರನೆಯದೊಂದು ಇರಬೇಕಾಗಿತ್ತು. ಅದು ನಾಯಿಗೂ ಅದನ್ನು ಸಾಕುವವನಿಗೂ ಪಾಠ ಹೇಳುವ ಶಾಲೆಯ ಬಾಗಿಲು. ಸಾಮಾನ್ಯ ಸಂಸಾರಸ್ಥರ ಕೈಗೆಟುಕುವಂತೆ ಅದು ಇನ್ನೂ ತೆರೆದಿಲ್ಲವೆಂಬುದು ವಿಷಾದದ ಸಂಗತಿ.

ಇದು ಶ್ರೀಮಂತರ ವಿನೋದಕ್ಕೆ ಸಂಬಂಧಿಸಿದ ಮಾತೆಂದು ಯಾರೂ ತಳ್ಳಿಹಾಕಲಾಗದು. ೨೦೨೩ರ ಫೆಬ್ರವರಿಯಲ್ಲಿ ನಮಗೆ ಹತ್ತಿರದ ಅಂಬರಪೇಟೆಯಲ್ಲಿ ನಾಲ್ಕು ವರ್ಷದ ಬಾಲಕನೊಬ್ಬನು ಬೀದಿನಾಯಿಗಳ ದಾಳಿಗೆ ಬಲಿಯಾದುದನ್ನು ವಾಚಕರು ಮರೆತಿರಲಾರರು. ೨೦೨೫ರ ಆಗಸ್ಟಿನಲ್ಲಿ ದಿಲ್ಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಕೂಡಿಡಬೇಕೆಂದು ಸುಪ್ರೀಂ ಕೋರ್ಟು ಆಜ್ಞಾಪಿಸಿ, ಹನ್ನೊಂದು ದಿನಗಳಲ್ಲಿಯೇ ಆ ಆಜ್ಞೆಯನ್ನು ಮಾರ್ಪಡಿಸಬೇಕಾಗಿ ಬಂದುದೂ ಈ ಪ್ರಶ್ನೆ ಎಷ್ಟು ಜಟಿಲವೆಂಬುದನ್ನು ತೋರಿಸುತ್ತದೆ. ಬೀದಿನಾಯಿಗಳ ಸಂತಾನಹರಣ ಮತ್ತು ಲಸಿಕೆ ನಗರಾಡಳಿತದ ಕರ್ತವ್ಯ. ಅದನ್ನು ಕುರಿತು ಬೇರೆಯೇ ಬರೆಯಬೇಕು. ಆದರೆ ಬೀದಿಯ ನಾಯಿಯ ವಿಚಾರದಲ್ಲಿ ಸರ್ಕಾರವನ್ನು ಪ್ರಶ್ನಿಸುವ ನಾವು, ನಮ್ಮ ಮನೆಯ ನಾಯಿಯ ವಿಚಾರದಲ್ಲಿ ಏನು ಮಾಡಿದ್ದೇವೆಂದು ನಮ್ಮನ್ನೇ ಕೇಳಿಕೊಳ್ಳಬೇಡವೆ? ನೆರೆಮನೆಯ ಮಗುವನ್ನು ಕಚ್ಚುವುದೂ, ಅಂಚೆಯವನನ್ನು ಅಟ್ಟಿಸಿಕೊಂಡು ಹೋಗುವುದೂ, ಮಹಡಿಮನೆಯ ಬಾಲ್ಕನಿಯಲ್ಲಿ ಹಗಲಿರುಳು ಬೊಗಳಿ ರೋಗಿಗಳ ನಿದ್ದೆ ಕೆಡಿಸುವುದೂ ಬಹುಮಟ್ಟಿಗೆ ಒಡೆಯನುಳ್ಳ ನಾಯಿಯೇ. ಸಾಕಲಾರದೆ ಒಡೆಯನು ಒಂದು ರಾತ್ರಿ ಬೇರೆ ಮೊಹಲ್ಲಾದಲ್ಲಿ ಬಿಟ್ಟುಬಂದರೆ, ಅದೇ ನಾಯಿ ಮರುದಿನದಿಂದ ಬೀದಿನಾಯಿಯೆನಿಸಿಕೊಳ್ಳುತ್ತದೆ.

ನಾಯಿಯ ಬಾಲ ಎಂದಿಗೂ ನೆಟ್ಟಗಾಗದೆಂಬ ಗಾದೆಯನ್ನು ನಮ್ಮ ಜನ ಬಹು ಸುಲಭವಾಗಿ ನಂಬಿಬಿಟ್ಟಿದ್ದಾರೆ. ಬಾಲದ ವಿಷಯದಲ್ಲಿ ಗಾದೆ ಸರಿಯಿರಬಹುದು. ನಾಯಿಯ ವಿಷಯದಲ್ಲಿ ಅದು ಸರಿಯಲ್ಲ. ದಾವಣಗೆರೆಯ ಪೋಲೀಸ್ ಇಲಾಖೆಯ ತುಂಗಾ ಎಂಬ ಹೆಣ್ಣು ಡಾಬರ್‌ಮನ್ ನಾಯಿ ೨೦೨೦ರಲ್ಲಿ ಹತ್ತು ಕಿಲೋಮೀಟರಿಗೂ ಮೀರಿ ವಾಸನೆಯನ್ನೇ ಹಿಡಿದು ನಡೆದು, ಕೊಲೆಯ ಆರೋಪಿಯ ಸುಳಿವನ್ನು ತೋರಿಸಿತು. ಬಂಡೀಪುರದ ಕಾಡಿನಲ್ಲಿ ಅರಣ್ಯ ಇಲಾಖೆಯ ರಾಣಾ ಬೇಟೆಗಳ್ಳರಿಗೆ ಸಿಂಹಸ್ವಪ್ನವಾಯಿತು. ಬೆಂಗಳೂರಿನ ಸಮೀಪದ ತರಳುವಿನಲ್ಲಿ ಕೇಂದ್ರ ಮೀಸಲು ಪೋಲೀಸ್ ಪಡೆಯ ಶ್ವಾನಶಾಲೆಯಿದೆ. ನಮ್ಮ ಹೈದರಾಬಾದಿನ ಹೊರವಲಯದ ಮೊಯಿನಾಬಾದಿನಲ್ಲಿಯೂ ಪೋಲೀಸ್ ನಾಯಿಗಳು ತರಬೇತು ಪಡೆದು, ಕೊನೆಗೆ ಶಾಲೆಯ ಮಕ್ಕಳಂತೆ ಸಾಲಾಗಿ ಕವಾಯಿತು ಮಾಡಿ ಹೊರಬರುತ್ತವೆ. ಈ ನಾಯಿಗಳು ದೇವಲೋಕದಿಂದ ಇಳಿದುಬಂದವಲ್ಲ. ನಮ್ಮ ಮನೆಯಲ್ಲಿ ಚಪ್ಪಲಿ ಕಚ್ಚುವ ನಾಯಿಯ ದಾಯಾದಿಗಳೇ ಅವು.

ಹಾಗಾದರೆ ವ್ಯತ್ಯಾಸವೆಲ್ಲಿದೆ? ಇಂಥ ಶಾಲೆಗಳಲ್ಲಿ ನಾಯಿಯೊಬ್ಬನೇ ವಿದ್ಯಾರ್ಥಿಯಲ್ಲ. ಅದನ್ನು ನಡೆಸುವ ಪೇದೆಯೂ ಜತೆಗೆ ಪಾಠ ಕಲಿಯುತ್ತಾನೆ. ಇಬ್ಬರೂ ಒಟ್ಟಿಗೆ ಕಲಿತು, ಒಟ್ಟಿಗೆ ಪರೀಕ್ಷೆಗೆ ನಿಂತು, ಒಟ್ಟಿಗೆ ಕೆಲಸಕ್ಕೆ ಹೋಗುತ್ತಾರೆ. ನಮ್ಮ ಗೃಹಸ್ಥರೋ, ಕೆಟ್ಟ ಗಡಿಯಾರವನ್ನು ರಿಪೇರಿಗೆ ಕೊಡುವಂತೆ ನಾಯಿಯನ್ನು ತರಬೇತುದಾರನಿಗೆ ಒಪ್ಪಿಸಿ, ತಿಂಗಳ ಮೇಲೆ ಹಣ ಕೊಟ್ಟು ಬಿಡಿಸಿಕೊಂಡು ಬರುತ್ತಾರೆ. ತರಬೇತುದಾರನ ಮುಂದೆ ವಿನಯವೇ ಮೂರ್ತಿವೆತ್ತಂತಿದ್ದ ನಾಯಿ ಮನೆಗೆ ಬಂದ ಎಂಟು ದಿನಕ್ಕೆ ಹಳೆಯ ಚಾಳಿಗೆ ತಿರುಗಿದರೆ ಆಶ್ಚರ್ಯವೇನು? ನಾಯಿ ಕಲಿತಿತ್ತು, ಒಡೆಯ ಕಲಿತಿರಲಿಲ್ಲ.

ನಾಯಿಯನ್ನು ಗೌರವದಿಂದ ಕಂಡ ಪರಂಪರೆ ಕನ್ನಡಿಗರಿಗೆ ಹೊಸದಲ್ಲ. ಮಂಡ್ಯ ಸೀಮೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಶಾಸನವನ್ನು ನೆನೆಯಬಹುದು. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ಚೋಳರನ್ನು ತಕ್ಕೋಲದಲ್ಲಿ ಗೆದ್ದ ಕಾಲವದು. ಬೂತುಗನ ಭಟನಾದ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ ಬೇಡಿದ್ದನ್ನು ಕೊಡುವೆನೆಂದು ಅರಸನು ಹೇಳಲು, ಆ ವೀರನು ಬೇಡಿದ್ದು ಹೊನ್ನನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ಕಾಡುಹಂದಿಯೊಡನೆ ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಸುಮಾರು ಕ್ರಿ. ಶ. ೯೫೦ರಲ್ಲಿ ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿಯನ್ನು ಬಿಟ್ಟರು. ಆ ಕೃಷ್ಣನ ರಾಜಧಾನಿ ಮಾನ್ಯಖೇಟ ನಮಗೆ ದೂರದ ಊರಲ್ಲ. ಹಳೆಯ ಹೈದರಾಬಾದ್ ಸಂಸ್ಥಾನದೊಳಗೇ ಇದ್ದ ಇಂದಿನ ಮಳಖೇಡವೇ ಅದು. ನಾಯಿಯ ಶೌರ್ಯಕ್ಕೆ ಶಾಸನ ಬರೆಸಿದ ಜನದ ಸಂತತಿಯವರು ಇಂದು ಅದನ್ನು ಮೆಟ್ಟಿಲ ಕೆಳಗೆ ಮೂರು ಮೊಳದ ಸರಪಳಿಯಲ್ಲಿ ಬಿಗಿದು ಕಾವಲಿಗಿಟ್ಟಿದ್ದೇವೆಂದು ತೃಪ್ತಿಪಡುತ್ತೇವೆ.

ಮುಧೋಳದ ನಾಯಿಯ ಕಥೆಯೂ ಇಲ್ಲಿ ವಿಚಾರಾರ್ಹ. ಮುಧೋಳದ ಘೋರ್ಪಡೆ ಅರಸರಾದ ಮಾಲೋಜಿರಾಯರು ಈ ತಳಿಯನ್ನು ಪೋಷಿಸಿ, ಒಂದು ಜೋಡಿಯನ್ನು ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟರು. ೨೦೦೫ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿಯನ್ನು ಹೊರಡಿಸಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ೨೦೧೬ರಲ್ಲಿ ಅಲ್ಲಿಂದ ಮರಿಗಳು ತರಬೇತಿಗೆಂದು ಮೀರತ್ತಿನ ಸೈನಿಕ ಕೇಂದ್ರಕ್ಕೆ ಹೋದವು. ೨೦೨೦ರ ಆಗಸ್ಟಿನಲ್ಲಿ ಪ್ರಧಾನಮಂತ್ರಿಗಳು ಆಕಾಶವಾಣಿಯಲ್ಲಿ ಈ ತಳಿಯ ಹೆಸರೆತ್ತಿ ಹೊಗಳಿದ ಮೇಲಂತೂ, ನಾಡಿನಿಂದ ದೂರವಿರುವ ನಮ್ಮಂಥವರಿಗೆ ನಮ್ಮ ನಾಯಿಯೆಂಬ ಅಭಿಮಾನವುಂಟಾದುದು ಸಹಜವೇ.

ಆದರೆ ಅಭಿಮಾನ ಬೇರೆ, ಅರಿವು ಬೇರೆ. ಮುಧೋಳದ ನಾಯಿ ಕಣ್ಣಿನಿಂದ ಬೇಟೆಯನ್ನು ಗುರುತಿಸಿ ಬಯಲಿನಲ್ಲಿ ಬೆನ್ನಟ್ಟುವ ನಾಯಿ. ಅದರ ಆಳವಾದ ಎದೆ, ಉದ್ದನೆಯ ಕಾಲು, ಕೃಶವಾದ ಹೊಟ್ಟೆ ಎಲ್ಲವೂ ಓಟಕ್ಕಾಗಿಯೇ ರೂಪುಗೊಂಡವು. ೧೯೭೨ರ ವನ್ಯಜೀವಿ ಕಾಯಿದೆಯಿಂದ ಬೇಟೆ ನಿಂತಿತು, ನಿಲ್ಲಬೇಕಾದದ್ದೇ. ಬೇಟೆ ನಿಂತಿತೆಂದು ನಾಯಿಯ ರಕ್ತದಲ್ಲಿನ ಓಟ ನಿಲ್ಲಲಿಲ್ಲ. ಅಂಥ ನಾಯಿಯನ್ನು ತಂದು ನಾಲ್ಕನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿಟ್ಟು, ಬೆಳಗಿನ ಹತ್ತು ನಿಮಿಷ ಕೆಳಗಿಳಿಸಿ ಮೇಲೇರಿಸಿದರೆ, ಅದು ಸೋಫಾ ಹರಿಯದೆ ಇನ್ನೇನು ಮಾಡೀತು? ಬೆಕ್ಕೋ ಸೈಕಲ್ಲೋ ಎದುರು ಓಡಿದಾಗ ಕೈಯಿಂದ ಹಗ್ಗ ಕಿತ್ತುಕೊಂಡು ಹೋದರೆ, ಅದನ್ನು ದುಷ್ಟಪ್ರಾಣಿಯೆನ್ನುವುದು ನ್ಯಾಯವೆ?

ಕೆಲವು ತಳಿಗಳನ್ನೇ ನಿಷೇಧಿಸಿದರೆ ಸಾಕೆನ್ನುವವರಿದ್ದಾರೆ. ೨೦೨೪ರ ಮಾರ್ಚಿಯಲ್ಲಿ ಕೇಂದ್ರ ಸರ್ಕಾರ ೨೩ ತಳಿಗಳನ್ನು ಉಗ್ರವೆಂದು ಹೆಸರಿಸಿ ಸುತ್ತೋಲೆ ಹೊರಡಿಸಿದಾಗ, ಸಂಬಂಧಪಟ್ಟವರ ಅಹವಾಲನ್ನು ಕೇಳದೆ ಹೊರಡಿಸಿದ್ದೆಂಬ ಕಾರಣದಿಂದ ಕರ್ನಾಟಕ ಹೈಕೋರ್ಟು ಮರುತಿಂಗಳೇ ಅದನ್ನು ರದ್ದುಮಾಡಿತು. ಬಲಿಷ್ಠ ತಳಿಯ ನಾಯಿ ಕಚ್ಚಿದರೆ ಗಾಯ ದೊಡ್ಡದೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಅಂಥವನ್ನು ಸಾಕುವವನ ಹೊಣೆಯೂ ಅಷ್ಟೇ ದೊಡ್ಡದು. ಆದರೆ ತಳಿಯ ಹೆಸರನ್ನು ಪಟ್ಟಿಯಿಂದ ತೆಗೆದರೂ ಸೇರಿಸಿದರೂ, ಹಗ್ಗದ ಈ ತುದಿಯಲ್ಲಿರುವ ಮನುಷ್ಯನು ಬದಲಾಗದಿದ್ದರೆ ಬೀದಿ ನಿರ್ಭಯವಾಗಲಾರದು.

ಇನ್ನು ಶಿಕ್ಷಣದ ಕ್ರಮವೇನೆಂದು ನೋಡೋಣ. ರಷ್ಯದ ಪಾವ್ಲೋವ್ ಎಂಬ ವಿಜ್ಞಾನಿ ನಾಯಿಗಳ ಮೇಲೆಯೇ ಪ್ರಯೋಗ ನಡೆಸಿ, ಆಹಾರಕ್ಕೂ ಒಂದು ಸಂಕೇತಕ್ಕೂ ನಂಟುಬಿದ್ದರೆ ಸಂಕೇತ ಮಾತ್ರದಿಂದ ನಾಯಿಯ ಬಾಯಲ್ಲಿ ನೀರೂರುವುದನ್ನು ತೋರಿಸಿದನು. ಇದರಿಂದ ನಾವು ತಿಳಿಯಬೇಕಾದ ತತ್ವ ಇಷ್ಟೆ: ನಾವು ಕಲಿಸಿದರೂ ಕಲಿಸದಿದ್ದರೂ ನಾಯಿ ಸದಾ ಕಲಿಯುತ್ತಲೇ ಇರುತ್ತದೆ. ಅಂಚೆಯವನು ಬರುತ್ತಾನೆ, ನಾಯಿ ಬೊಗಳುತ್ತದೆ, ಅಂಚೆಯವನು ಹೋಗುತ್ತಾನೆ. ಅವನು ಹೋಗುವುದು ಕಾಗದ ಕೊಟ್ಟಾಯಿತೆಂದು; ನಾಯಿ ತಿಳಿಯುವುದು ತನ್ನ ಬೊಗಳಿಗೆ ಹೆದರಿ ಓಡಿದನೆಂದು. ದಿನವೂ ದೊರೆಯುವ ಈ ವಿಜಯದಿಂದ ಅದರ ಧೈರ್ಯ ಹೆಚ್ಚುತ್ತದೆ. ಎರಡು ತಿಂಗಳ ಮರಿ ಮೈಮೇಲೆ ನೆಗೆದಾಗ ಮುದ್ದಾಡುತ್ತೇವೆ. ಅದೇ ನಾಯಿ ಮೂವತ್ತು ಕಿಲೋ ತೂಗುವ ಕಾಲಕ್ಕೆ ಅಜ್ಜಿಯ ಮೈಮೇಲೆ ನೆಗೆದರೆ ಬಡಿಯುತ್ತೇವೆ. ನಾಯಿಯ ದೃಷ್ಟಿಯಲ್ಲಿ ಕಾನೂನು ಬದಲಾದದ್ದು ಯಾವಾಗ?

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ನಮ್ಮ ಇನ್ನೊಂದು ಗಾದೆ ಇಲ್ಲಿ ಶಾಸ್ತ್ರಸಮ್ಮತ. ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗಿನ ಅವಧಿಯಲ್ಲಿ ಮರಿ ಏನೇನನ್ನು ನಿರ್ಭಯವಾಗಿ ಕಾಣುತ್ತದೆಯೋ ಅದನ್ನೆಲ್ಲ ಲೋಕದ ಸಹಜ ಅಂಗವೆಂದು ಒಪ್ಪುತ್ತದೆ. ಮಕ್ಕಳು, ಮುದುಕರು, ಕೋಲೂರಿದವರು, ಬುರಖಾ ತೊಟ್ಟವರು, ಹೆಲ್ಮೆಟ್ ಹಾಕಿದವರು, ಆಟೋರಿಕ್ಷಾದ ಸದ್ದು, ಬ್ಯಾಂಡಿನ ಮೆರವಣಿಗೆ, ಇವನ್ನೆಲ್ಲ ಆಗಲೇ ಅದಕ್ಕೆ ಪರಿಚಯಿಸಬೇಕು. ಲಸಿಕೆಗಳು ಪೂರ್ತಿಯಾಗುವವರೆಗೆ ನೆಲಕ್ಕಿಳಿಸದೆ ತೋಳಿನಲ್ಲೆತ್ತಿಕೊಂಡು ಬೀದಿ ತೋರಿಸಿದರೂ ಆಯಿತು. ಆ ವಾರಗಳನ್ನು ಕತ್ತಲೆಯ ಕೋಣೆಯಲ್ಲಿ ಕಳೆದ ನಾಯಿ ಮುಂದೆ ಅಪರಿಚಿತವಾದುದನ್ನೆಲ್ಲ ಶತ್ರುವೆಂದು ಬಗೆಯುವ ಸಂಭವ ಹೆಚ್ಚು.

ಕಲಿಸುವ ಮಾರ್ಗದಲ್ಲಿ ಬಡಿತಕ್ಕಿಂತ ಬಹುಮಾನವೇ ಮೇಲು. ಇದು ಕೇವಲ ದಯೆಯ ಮಾತಲ್ಲ. ಪೋರ್ಚುಗಲ್ಲಿನ ಸಂಶೋಧಕರು ೯೨ ಸಾಕುನಾಯಿಗಳನ್ನು ಪರೀಕ್ಷಿಸಿ ೨೦೨೦ರಲ್ಲಿ ಪ್ರಕಟಿಸಿದ ವರದಿಯಂತೆ, ಗದರಿಕೆ ಜಗ್ಗಾಟಗಳ ಶಾಲೆಯಲ್ಲಿ ಕಲಿತ ನಾಯಿಗಳಲ್ಲಿ ಉದ್ವೇಗದ ಲಕ್ಷಣಗಳು ಬಹುಮಾನದ ಶಾಲೆಯವುಗಳಿಗಿಂತ ಹೆಚ್ಚಾಗಿದ್ದವು. ಹೇಳಿದ್ದನ್ನು ನಾಯಿ ಮಾಡಿದ ಕ್ಷಣದಲ್ಲಿಯೇ ಒಂದು ತುಣುಕು ತಿಂಡಿಯೋ ಮೆಚ್ಚುಗೆಯ ಮಾತೋ ದೊರೆಯಬೇಕು. ಐದು ನಿಮಿಷದ ಮೇಲೆ ಕೊಟ್ಟರೆ ಅದು ಯಾವುದರ ಬಹುಮಾನವೆಂದು ನಾಯಿಗೆ ತಿಳಿಯದು. ಮಧ್ಯಾಹ್ನ ಮಾಡಿದ ತಪ್ಪಿಗೆ ಸಂಜೆ ಆಫೀಸಿನಿಂದ ಬಂದು ಹೊಡೆದರಂತೂ, ಒಡೆಯನು ಬರುವುದೇ ಒಂದು ಅಪಾಯವೆಂಬುದನ್ನಷ್ಟೇ ಅದು ಕಲಿಯುತ್ತದೆ. ಬೊಗಳುವ ನಾಯಿ ಕಚ್ಚುವುದಿಲ್ಲವೆಂಬ ಮಾತನ್ನು ನಂಬಿ ಗಾಯಗೊಂಡವರೂ ಉಂಟು. ಗುರುಗುಟ್ಟುವುದು ನಾಯಿಯ ಎಚ್ಚರಿಕೆ. ಎಚ್ಚರಿಕೆ ಕೊಟ್ಟದ್ದಕ್ಕೇ ಹೊಡೆದರೆ, ಮುಂದಿನ ಸಲ ಅದು ಎಚ್ಚರಿಸದೆಯೇ ಕಚ್ಚೀತು.

ನಮ್ಮ ಹೈದರಾಬಾದಿನ ಕನ್ನಡಿಗರ ಮನೆಗಳಲ್ಲಿ ನಾಯಿಗಿರುವ ವಿಶೇಷ ಕಷ್ಟವೊಂದನ್ನು ಇಲ್ಲಿ ಹೇಳಬೇಕು. ಮನೆಯ ಯಜಮಾನರು ‘ಕೂತ್ಕೋ’ ಎನ್ನುತ್ತಾರೆ. ಇಂಗ್ಲಿಷ್ ಶಾಲೆಗೆ ಹೋಗುವ ಮಗ ‘ಸಿಟ್’ ಎನ್ನುತ್ತಾನೆ. ಕೆಲಸದಾಕೆ ತೆಲುಗಿನಲ್ಲಿ ‘ಕೂರ್ಚೋ’ ಎನ್ನುತ್ತಾಳೆ. ಕಾವಲುಗಾರನು ದಖನಿಯಲ್ಲಿ ‘ಬೈಠೋ’ ಎನ್ನುತ್ತಾನೆ. ನಾಲ್ಕು ಭಾಷೆಗಳ ನಡುವೆ ಸಿಕ್ಕಿದ ಬಡಪ್ರಾಣಿ ನಿಂತೇ ಇರುತ್ತದೆ, ಎಲ್ಲರೂ ಅದನ್ನು ಮೊಂಡನೆನ್ನುತ್ತಾರೆ. ನಾಯಿಗೆ ಭಾಷಾಭಿಮಾನವಿಲ್ಲ, ಆದರೆ ಭಾಷಾಜ್ಞಾನವುಂಟು. ಹಂಗೆರಿಯ ಬುಡಾಪೆಸ್ಟಿನ ಸಂಶೋಧಕರು ೨೦೨೨ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪರಿಚಿತ ಭಾಷೆಗೂ ಅಪರಿಚಿತ ಭಾಷೆಗೂ ನಾಯಿಗಳ ಮಿದುಳು ಬೇರೆ ಬೇರೆಯಾಗಿ ಸ್ಪಂದಿಸಿದುದು ಕಂಡುಬಂದಿತು. ಆದುದರಿಂದ ಮನೆಮಂದಿಯೆಲ್ಲ ಕೂಡಿ ಐದಾರು ಮಾತುಗಳನ್ನು ಗೊತ್ತುಮಾಡಿ ಅಡಿಗೆಮನೆಯ ಗೋಡೆಯ ಮೇಲೆ ಬರೆದಿಡಲಿ: ಬಾ, ಕೂತ್ಕೋ, ನಿಲ್ಲು, ಬಿಡು, ಬೇಡ. ಈ ಮಾತುಗಳು ಕನ್ನಡದ್ದೇ ಆದರೆ ನಮಗೆ ಸಂತೋಷ. ಮಕ್ಕಳಿಗೆ ಕನ್ನಡ ಕಲಿಸಲು ಪುರುಸೊತ್ತಿಲ್ಲದ ಮನೆಗಳಲ್ಲಿ ನಾಯಿಯ ನೆಪದಿಂದಲಾದರೂ ಮಕ್ಕಳ ಬಾಯಲ್ಲಿ ಐದು ಕನ್ನಡದ ಮಾತುಗಳು ಉಳಿದಾವು.

ನಡತೆಯಷ್ಟೇ ಮುಖ್ಯವಾದದ್ದು ಅಂಗಸಾಧನೆ. ಓಟದ ಪಂದ್ಯ, ನೆಗೆತ, ವಾಸನೆ ಹುಡುಕುವ ಆಟ ಮೊದಲಾದವಕ್ಕೆ ನಾಯಿಯನ್ನು ಸಿದ್ಧಗೊಳಿಸುವ ಉತ್ಸಾಹಿಗಳು ನಮ್ಮಲ್ಲಿ ಹೆಚ್ಚುತ್ತಿರುವುದು ಶ್ಲಾಘ್ಯವೇ. ಆದರೆ ಗರಡಿಯ ಉಸ್ತಾದನು ಮೊದಲ ದಿನವೇ ಹುಡುಗನ ಕೈಗೆ ಭಾರಿ ಗದೆ ಕೊಡುವುದಿಲ್ಲ. ನಾಯಿಯ ಎಲುಬಿನ ಬೆಳವಣಿಗೆ ಮುಗಿಯುವುದಕ್ಕೆ ತಳಿಯನ್ನನುಸರಿಸಿ ಒಂದು ವರ್ಷದಿಂದ ಒಂದೂವರೆ ವರ್ಷ ಬೇಕು. ಅದಕ್ಕೆ ಮುಂಚೆ ಮೋಟಾರುಸೈಕಲ್ಲಿಗೆ ಕಟ್ಟಿ ಓಡಿಸುವುದೂ, ಎತ್ತರದಿಂದ ಮತ್ತೆ ಮತ್ತೆ ನೆಗೆಸುವುದೂ ಕೀಲುಗಳಿಗೆ ಮಾಡುವ ದ್ರೋಹ. ಬೆಳೆದ ನಾಯಿಗೂ ಮೊದಲು ನಡಿಗೆ, ಬಳಿಕ ಮೆಲುಓಟ, ಆಮೇಲೆ ವೇಗ. ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಕೆ. ನಡುನಡುವೆ ವಿಶ್ರಾಂತಿಯ ದಿನಗಳು. ಆಳವಾದ ಎದೆಯ ತಳಿಗಳಿಗೆ ಹೊಟ್ಟೆತುಂಬ ಉಣಿಸಿದೊಡನೆ ಓಡಿಸಬಾರದು. ಜಠರ ಹೊರಳಿ ಪ್ರಾಣಕ್ಕೇ ಸಂಚಕಾರ ಬಂದೀತು.

ಹೈದರಾಬಾದಿನ ಬೇಸಗೆಯನ್ನು ಮರೆಯುವಂತಿಲ್ಲ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವ ಸೌಕರ್ಯವಿಲ್ಲ. ಏದುಸಿರಿನಿಂದಲೇ ಅದು ಮೈಯ ಕಾವನ್ನು ಕಳೆಯಬೇಕು. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲೇರಿದ ಮೇಲೆ ಟಾರು ರಸ್ತೆಯ ಮೇಲೆ ಓಡಿಸುವುದು ಸಾಧನೆಯಲ್ಲ, ಹಿಂಸೆ. ರಸ್ತೆಯ ಮೇಲೆ ನಮ್ಮ ಅಂಗೈಯ ಹಿಂಭಾಗವನ್ನು ಏಳೆಂಟು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಸಲ್ಲದು. ಕೊಬ್ಬಿದ ನಾಯಿ ಬಲವಾದ ನಾಯಿಯೆಂಬುದೂ ಭ್ರಮೆಯೇ. ಅಮೆರಿಕದಲ್ಲಿ ೪೮ ಲ್ಯಾಬ್ರಡಾರ್ ನಾಯಿಗಳನ್ನು ಜೀವನಪರ್ಯಂತ ಗಮನಿಸಿ ೨೦೦೨ರಲ್ಲಿ ಹೊರತಂದ ಅಧ್ಯಯನದಲ್ಲಿ, ಜತೆಯವುಗಳಿಗಿಂತ ಕಾಲುಭಾಗ ಕಡಮೆ ಉಂಡ ನಾಯಿಗಳು ಹತ್ತಿರ ಹತ್ತಿರ ಎರಡು ವರ್ಷ ಹೆಚ್ಚು ಬದುಕಿದವು. ಕೈಯಾಡಿಸಿದರೆ ಪಕ್ಕೆಲುಬು ತಗಲುವಂತಿರಬೇಕೆಂಬುದೇ ಸುಲಭದ ಅಳತೆ.

ಪಂದ್ಯವೆಂದರೆ ಪಣವೆಂದು ಭಾವಿಸುವವರಿಗೂ ಒಂದು ಮಾತು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಬೇಟೆನಾಯಿಗಳ ಓಟ ನೋಡುವಂಥ ದೃಶ್ಯವೇ ಸರಿ. ಆದರೆ ಜೀವಂತ ಮೊಲವನ್ನು ಮುಂದೆ ಬಿಟ್ಟು ಓಡಿಸುವುದು ಕಾಯಿದೆಗೂ ಕರುಣೆಗೂ ವಿರುದ್ಧ. ನಾಯಿಗಳನ್ನು ಕಾದಾಟಕ್ಕೆ ಬಿಡುವುದು ೧೯೬೦ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಂತೆ ಅಪರಾಧ. ಎಳೆಯುವ ಹಗ್ಗದ ತುದಿಗೊಂದು ಬಟ್ಟೆಯ ತುಂಡು ಕಟ್ಟಿದರೂ ಮುಧೋಳದ ನಾಯಿ ಅಷ್ಟೇ ಆವೇಶದಿಂದ ಬೆನ್ನಟ್ಟುತ್ತದೆ. ೧೯೭೮ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಶ್ವಾನಪ್ರದರ್ಶನದಲ್ಲಿ ಮೊದಲು ತೋರಿಸಿದ ಅಡೆತಡೆಯ ಓಟ ಈಗ ಲೋಕದಲ್ಲೆಲ್ಲ ಹಬ್ಬಿದೆ. ನಾಲ್ಕು ಬಿದಿರುಗಳು, ಎರಡು ಹಳೆಯ ಟೈರುಗಳು, ಒಂದಿಷ್ಟು ಬಯಲು ಇದ್ದರೆ ಅದನ್ನು ನಾವೂ ಆಡಿಸಬಹುದು.

ಇದಕ್ಕೆಲ್ಲ ಪುರುಸೊತ್ತೆಲ್ಲಿ, ಜಾಗವೆಲ್ಲಿ ಎಂಬ ಆಕ್ಷೇಪ ಬರುವುದು ನಿಶ್ಚಯ. ದಿನಕ್ಕೆ ಮೂರು ಸಲ ಐದೈದು ನಿಮಿಷದ ಪಾಠ, ಬೆಳಿಗ್ಗೆ ಸಂಜೆ ಅರ್ಧರ್ಧ ಗಂಟೆಯ ನಡಿಗೆ; ಸಾಧಾರಣ ಮನೆನಾಯಿಗೆ ಇಷ್ಟಾದರೂ ಬೇಕು. ಮನೆಯೊಳಗೆ ತಿಂಡಿಯ ತುಣುಕನ್ನು ಬಚ್ಚಿಟ್ಟು ಮೂಸಿ ಹುಡುಕಿಸಿದರೆ ಮಳೆಗಾಲದಲ್ಲಿಯೂ ಅದರ ಬುದ್ಧಿಗೆ ವ್ಯಾಯಾಮವಾಗುತ್ತದೆ. ಇಷ್ಟಕ್ಕೂ ಸಮಯವಿಲ್ಲದವರು ನಾಯಿಯನ್ನು ಸಾಕದಿರುವುದೇ ಆ ಪ್ರಾಣಿಗೆ ಮಾಡುವ ದೊಡ್ಡ ಉಪಕಾರ.

ನಗರಾಡಳಿತದ ಪಾಲೂ ಇದೆ. ೨೦೧೮ರಲ್ಲಿ ಕೊಂಡಾಪುರದಲ್ಲಿ ನಾಯಿಗಳಿಗೆಂದೇ ಒಂದು ಉದ್ಯಾನ ತೆರೆದುದು ಸ್ತುತ್ಯ ಕಾರ್ಯ. ಆದರೆ ನಾರಾಯಣಗೂಡ, ಕಾಚಿಗೂಡ, ಹಿಮಾಯತ್ ನಗರಗಳ ಗೃಹಸ್ಥರು ನಗರದ ಆ ಕೊನೆಗೆ ದಿನವೂ ಹೋಗಿಬರುವಂತಿಲ್ಲ. ಹಳೆಯ ಬಡಾವಣೆಗಳ ಮೈದಾನಗಳಲ್ಲಿ ನಸುಕಿನ ಒಂದು ಗಂಟೆಯನ್ನು ಬೇಲಿಯೊಳಗಿನ ಒಂದು ಮೂಲೆಯಲ್ಲಿ ನಾಯಿಗಳಿಗೆ ಮೀಸಲಿಡಲಿ. ಪಶುವೈದ್ಯ ಆಸ್ಪತ್ರೆಯಲ್ಲಿ ಲಸಿಕೆಗೆ ಬಂದ ಒಡೆಯರಿಗೆ ವಾರಕ್ಕೊಮ್ಮೆ ಅರ್ಧ ಗಂಟೆಯ ಪಾಠ ಏರ್ಪಡಲಿ. ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರದಂಥ ನಮ್ಮ ಸಂಸ್ಥೆಗಳೂ ವರ್ಷಕ್ಕೊಮ್ಮೆ ಬಲ್ಲ ಪಶುವೈದ್ಯರೊಬ್ಬರಿಂದ ಕನ್ನಡದಲ್ಲಿ ಉಪನ್ಯಾಸ ಏರ್ಪಡಿಸಿದರೆ, ಕಾವ್ಯಗೋಷ್ಠಿಗೆ ಬಾರದ ಜನರೂ ಬಂದಾರು.

ಲಸಿಕೆ, ಸಂತಾನಹರಣ, ಕೊರಳಪಟ್ಟಿ ಇವು ಕಾಯಿದೆ ಕಲಿಸಬಹುದಾದ ಕರ್ತವ್ಯಗಳು. ತಾಳ್ಮೆಯನ್ನು ಯಾವ ಕಾಯಿದೆಯೂ ಕಲಿಸಲಾರದು. ಮರಿಯನ್ನು ಮನೆಗೆ ತರುವ ದಿನ ಅದರ ಬೆಲೆಯನ್ನೂ ಬಣ್ಣವನ್ನೂ ವಂಶಾವಳಿಯನ್ನೂ ವಿಚಾರಿಸುವ ಗೃಹಸ್ಥನು, ಮುಂದಿನ ಹತ್ತು ಹನ್ನೆರಡು ವರ್ಷ ದಿನಕ್ಕೊಂದು ಗಂಟೆಯನ್ನು ಅದಕ್ಕೆ ಕೊಡಬಲ್ಲೆನೆ ಎಂಬುದೊಂದನ್ನು ತನ್ನನ್ನೇ ವಿಚಾರಿಸಿಕೊಳ್ಳಲಿ. ಕೊಡಬಲ್ಲೆನೆಂದಾದರೆ ಧಾರಾಳವಾಗಿ ತರಲಿ. ಅಂಥವನ ನಾಯಿಗೆ ನೆರೆಹೊರೆಯ ಮಕ್ಕಳು ಅಂಜಬೇಕಾಗಿಲ್ಲ.